ಫ್ಯೂರಾ-2 ತರಿಸುವವರೇ, ಸೀಸೆಯ ಮೇಲಿನ ಸ್ಟಿಕ್ಕರ್ ಕಿತ್ತು ನೋಡಿ

ಫ್ಯೂರಾ-2 ಅಂದರೆ ಕೋಶದೊಳಗಿನ ಕ್ಯಾಲ್ಸಿಯಂ ಏರಿಳಿತವನ್ನು ಹೊಳಪಿನಿಂದ ತೋರಿಸುವ ಡೈ. ಅಂಥ ಡೈ ಹಾಕಿ ಕ್ಯಾಲ್ಸಿಯಂ ಇಮೇಜಿಂಗ್ ಮಾಡುವವರಿಗೆ, ಅದರಲ್ಲೂ ಈಗಷ್ಟೇ ಪಿಎಚ್‌ಡಿಗೆ ಸೇರಿದವರಿಗೆ ಇದು. ಡಿಸ್ಟ್ರಿಬ್ಯೂಟರ್ ಹೆಸರು ಹಾಕುವುದಿಲ್ಲ. ಏನಾಯಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ನಮ್ಮ ಲ್ಯಾಬಿನಲ್ಲಿ ಜಿಎಚ್3 ಕೋಶಗಳ ಕೆಲಸ ನಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಲಿಯ ಪಿಟ್ಯುಟರಿ ಗೆಡ್ಡೆಯಿಂದ ಬೆಳೆಸಿದ ಕೋಶಗಳು ಇವು. ಇವಕ್ಕೆ ಟಿಆರ್‌ಎಚ್ ಹಾರ್ಮೋನ್ ಹಾಕಿದರೆ ಸೆಕೆಂಡುಗಳಲ್ಲೇ ಒಳಗಿನ ಕ್ಯಾಲ್ಸಿಯಂ ಸರ್ರನೆ ಏರುತ್ತದೆ. ಆ ಮೊದಲ ಏರಿಕೆ ಕೋಶದೊಳಗೇ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಕ್ಯಾಲ್ಸಿಯಂ ಕಣಜದಲ್ಲಿ, ಅಂದರೆ ಇಆರ್‌ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂನಿಂದ. ಅದನ್ನು ಬಿಡಿಸುವುದು ಐಪಿ3 ಅನ್ನುವ ಸಂದೇಶವಾಹಕ ಅಣು. ಆಮೇಲೆ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲಲು ಹೊರಗಿನ ಕ್ಯಾಲ್ಸಿಯಂ ಚಾನೆಲ್‌ಗಳ ಮೂಲಕ ಒಳಗೆ ಬರಬೇಕು. 1980ರ ದಶಕದಿಂದ ಎಷ್ಟೋ ಲ್ಯಾಬ್‌ಗಳು ನೋಡಿರುವ ವಿಷಯ ಇದು.

ನಮಗೆ ಮಾತ್ರ ಏನೂ ಕಾಣಲಿಲ್ಲ. ಟಿಆರ್‌ಎಚ್ ಹಾಕಿದೆವು, ಪರದೆಯ ಮೇಲಿನ ಕ್ಯಾಲ್ಸಿಯಂ ಗೆರೆ ಅಲ್ಲಾಡಲಿಲ್ಲ. ಕ್ಯಾಲ್ಸಿಯಂ ಚಾನೆಲ್ ತೆರೆಸುವ ಪೊಟ್ಯಾಶಿಯಂ ಕ್ಲೋರೈಡ್ ಹಾಕಿದೆವು, ಇಲ್ಲ. ಕೊನೆಗೆ ಕ್ಯಾಲ್ಸಿಯಂ ಅನ್ನು ತಾನೇ ಪೊರೆ ದಾಟಿಸುವ ಅಯಾನೊಮೈಸಿನ್ ಹಾಕಿದರೂ ಇಲ್ಲ! ಕ್ಯಾಮೆರಾದಲ್ಲಿ ಕೋಶಗಳು ಮಂಕಾಗಿ ಕಾಣುತ್ತಿದ್ದವು. ಹಾಗಾಗಿ ಎಲ್ಲರೂ 'ಲೋಡಿಂಗ್ ಸರಿಯಾಗಿಲ್ಲ', ಅಂದರೆ ಡೈ ಕೋಶದೊಳಗೆ ಸಾಕಷ್ಟು ಹೋಗಿಲ್ಲ ಅಂದರು. ಡೈ ಜಾಸ್ತಿ ಮಾಡಿದೆವು, ಡೈ ಚದುರಲು ನೆರವಾಗುವ ಪ್ಲುರೋನಿಕ್ ಸೇರಿಸಿದೆವು, ಹೆಪ್ಪುಗಟ್ಟಿಸಿಟ್ಟ ಹೊಸ ವಯಲ್ ಕೋಶ ಕರಗಿಸಿ ಬೆಳೆಸಿದೆವು. ಅದೇ ಕಥೆ.

ಡಿಸ್ಟ್ರಿಬ್ಯೂಟರ್‌ಗೆ ದೂರು ಕೊಟ್ಟಾಗ ಅವರ ಟೆಕ್ನಿಕಲ್ ಹುಡುಗ ಬಂದ. ಪಾಪ, ಒಳ್ಳೆಯ ಹುಡುಗ. ಕ್ಯುವೆಟ್‌ನಲ್ಲಿ ಬಫರ್, ನಮ್ಮ ಡೈ, ಮೇಲೆ ಕ್ಯಾಲ್ಸಿಯಂ ಕ್ಲೋರೈಡ್. 340 ನ್ಯಾನೋಮೀಟರ್ ಬೆಳಕು ಹಾಯಿಸಿದಾಗಿನ ಹೊಳಪು ಏರಿತು, 380ರದ್ದು ಇಳಿಯಿತು. ಡೈ ಕ್ಯಾಲ್ಸಿಯಂ ಹಿಡಿಯಿತು ಅಂತ ಅರ್ಥ. "ನೋಡಿ ಮೇಡಂ, ಡೈ ಪಕ್ಕಾ ಇದೆ. ನಿಮ್ಮ ಸೆಲ್ಸೇ ಸರಿ ಇಲ್ಲ" ಅಂದು ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ಹೋದ.

ಅವನು ತೋರಿಸಿದ್ದೇ ಅವರ ತಪ್ಪಿಗೆ ಸಾಕ್ಷಿ. ಕೋಶಕ್ಕೆ ಲೋಡ್ ಮಾಡಬೇಕಾದದ್ದು ಫ್ಯೂರಾ-2 ಎಎಂ (ಅಸಿಟಾಕ್ಸಿಮೀಥೈಲ್ ಎಸ್ಟರ್ ರೂಪ). ಎಎಂ ಎಸ್ಟರ್ ಇರುವುದರಿಂದ ಅದರ ಚಾರ್ಜ್ ಮುಚ್ಚಿಹೋಗಿ ಪೊರೆ ದಾಟುತ್ತದೆ. ಒಳಗೆ ಹೋದ ಮೇಲೆ ಕೋಶದ ಕಿಣ್ವಗಳು ಎಸ್ಟರನ್ನು ಕತ್ತರಿಸುತ್ತವೆ. ಅದಾದ ಮೇಲೇ ಡೈ ಕ್ಯಾಲ್ಸಿಯಂ ಹಿಡಿಯುವುದು. ಅಂದರೆ ಸರಿಯಾದ ಎಎಂ ಬರೀ ಬಫರ್‌ನಲ್ಲಿ ಕ್ಯಾಲ್ಸಿಯಂಗೆ ಸುಮ್ನೆ ಇರಬೇಕು. ನಮ್ಮದು ಕುಣಿಯಿತು, ಅಲ್ವಾ?

ಆಗ ಸೀಸೆ ತೆಗೆದು ನೋಡಿದೆವು. ಡಿಸ್ಟ್ರಿಬ್ಯೂಟರ್ ತಮ್ಮ ಬಿಳಿ ಸ್ಟಿಕ್ಕರನ್ನು ಕಂಪನಿಯ ಲೇಬಲ್ ಮೇಲೇ ಅಂಟಿಸಿದ್ದರು: 'ಫ್ಯೂರಾ-2', ಬ್ಯಾಚ್, ದಿನಾಂಕ, ಅಷ್ಟೇ. ಅಂಚಿಗೆ ಸ್ಪಿರಿಟ್ ಹಚ್ಚಿ, ಚಿಮಟದಲ್ಲಿ ಮೆಲ್ಲಗೆ ಎಬ್ಬಿಸಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಪೆಂಟಾಪೊಟ್ಯಾಶಿಯಂ ಸಾಲ್ಟ್'. ಪ್ಯಾಚ್ ಪಿಪೆಟ್ ಅನ್ನುವ ಸೂಕ್ಷ್ಮ ಗಾಜಿನ ನಳಿಕೆಯಿಂದ ಕೋಶಕ್ಕೆ ನೇರವಾಗಿ ತುಂಬುವವರಿಗೆ ಬೇಕಾದ ಸರಕು ಅದು. ತಾನಾಗಿ ಪೊರೆ ದಾಟುವುದಿಲ್ಲ.

ಹಾಗಾದರೆ ಆ ಮಂಕು ಬೆಳಕು ಎಲ್ಲಿಂದ? ಡೈ ಹಾಕದ ಕೋಶಗಳನ್ನು ಅದೇ ಸೆಟ್ಟಿಂಗ್‌ನಲ್ಲಿ ಇಟ್ಟೆವು. ಅವೂ ಅಷ್ಟೇ ಹೊಳೆದವು. 340ರಲ್ಲಿ ಕೋಶದಲ್ಲಿ ಸಹಜವಾಗಿಯೇ ಇರುವ ಎನ್‌ಎಡಿಎಚ್ ಅನ್ನುವ ಅಣು ತಾನೇ ಹೊಳೆಯುತ್ತದೆ.

ಪಕ್ಕದ ಲ್ಯಾಬಿನಿಂದ ಒಂದಿಷ್ಟು ಎಎಂ ಸಾಲ ತಂದೆವು. 2 ಮೈಕ್ರೋಮೋಲಾರ್, ಕತ್ತಲಲ್ಲಿ ಅರ್ಧ ಗಂಟೆ, ತೊಳೆದು ಇನ್ನರ್ಧ ಗಂಟೆ. 100 ನ್ಯಾನೋಮೋಲಾರ್ ಟಿಆರ್‌ಎಚ್ ತಾಗಿದ್ದೇ ತಡ, ಗೆರೆ ನೆಟ್ಟಗೆ ಮೇಲೆದ್ದಿತು. ಹೊರಗಿನ ಕ್ಯಾಲ್ಸಿಯಂ ತೆಗೆದು ಮತ್ತೆ ಮಾಡಿದೆವು: ಮೊದಲ ಏರಿಕೆ ಹಾಗೇ ಇತ್ತು, ಹಿಂದೆ ಬರಬೇಕಾದ ಮಟ್ಟಸ ಗೆರೆ ಮಾತ್ರ ಮಾಯ. ನಮ್ಮ ಕೋಶಗಳಿಗೆ ಏನೂ ಆಗಿರಲಿಲ್ಲ.

ನೀವು ತರಿಸುವಾಗ ಪರ್ಚೇಸ್ ಆರ್ಡರ್‌ನಲ್ಲಿ 'ಎಎಂ, ಸೆಲ್ ಪರ್ಮಿಯೆಂಟ್' ಅಂತಲೂ, ಮೂಲ ಕಂಪನಿಯ ಕ್ಯಾಟಲಾಗ್ ನಂಬರನ್ನೂ ಬರೆಯಿರಿ. 50 ಮೈಕ್ರೋಗ್ರಾಮಿನ ಸಣ್ಣ ಸೀಸೆಗಳು ಸಿಕ್ಕರೆ ಅದೇ ಒಳ್ಳೆಯದು. ನೀರಿನಂಶ ತಾಗಿದರೆ ಎಎಂ ಸೀಸೆಯಲ್ಲೇ ಒಡೆಯುತ್ತದೆ, ದೊಡ್ಡದನ್ನು ಪದೇ ಪದೇ ತೆರೆದರೆ ಇಡೀ ಸ್ಟಾಕ್ ಹಾಳು. ಥರ್ಮೋಕೋಲ್ ಡಬ್ಬ ಬಂದ ದಿನವೇ ಸ್ಟಿಕ್ಕರ್ ಎಬ್ಬಿಸಿ ಫೋಟೋ ತೆಗೆದಿಡಿ, ಸೀಲ್ ಒಡೆಯುವ ಮೊದಲು. ಯಾಕೆಂದರೆ ನಮಗೆ ಸಿಕ್ಕ ಉತ್ತರ ಇಷ್ಟೇ: "ಸೀಲ್ ಓಪನ್ ಆಗಿದೆ, ರಿಟರ್ನ್ ತಗೊಳಲ್ಲ." ಲೇಬಲ್ ಫೋಟೋ, ಅವರದೇ ಸರ್ವಿಸ್ ರಿಪೋರ್ಟ್ ಎರಡನ್ನೂ ಕಳಿಸಿದ ಮೇಲೆ ಕ್ರೆಡಿಟ್ ನೋಟ್ ಕೊಡುತ್ತೇವೆ ಅಂದಿದ್ದಾರೆ. ಇನ್ನೂ ಬಂದಿಲ್ಲ.