ಸಿಲೋನ್ ದಾಲ್ಚಿನ್ನಿ: ಚಹಾಕ್ಕೆ ಸೈ, ತಹರಿಗೆ ಬ್ಯಾಡ

ತಹರಿ, ಬಿರಿಯಾನಿಗೆಂದು ಇದನ್ನು ತರಿಸಬೇಕು ಅಂದುಕೊಂಡವರು ಇಷ್ಟು ಓದಿ ಎದ್ದು ಹೋಗಬಹುದು: ತರಿಸಬೇಡಿ. ದುಡ್ಡು ದಂಡ.

ಶ್ರೀಲಂಕಾದ ಈ ತೆಳು ಕಡ್ಡಿಗಳನ್ನು ವರ್ಷಕ್ಕೂ ಮೇಲಿಂದ ಆನ್‌ಲೈನ್‌ನಲ್ಲಿ ತರಿಸುತ್ತಿದ್ದೇನೆ. ಮೊದಲ ಪೊಟ್ಟಣ ಬಂದ ವಾರವೇ ರವಿವಾರದ ತಹರಿಗೆ ಹಾಕಿದೆ. ಕಾದ ಎಣ್ಣೆಗೆ ಬಿದ್ದದ್ದೇ ಪದರು ಬಿಚ್ಚಿಕೊಂಡವು, ಅಕ್ಕಿ ಹಾಕಿ ಒಂದೆರಡು ಸಲ ಸೌಟಾಡಿಸುವಷ್ಟರಲ್ಲಿ ಚೂರುಚೂರು. ಬಜಾರಿನ ದಪ್ಪ ಚಕ್ಕೆಯಾದರೆ ಇಡಿಯಾಗಿ ಉಳಿಯುತ್ತದೆ, ಉಣ್ಣುವಾಗ ತಾಟಿನ ಅಂಚಿಗೆ ಸರಿಸಿದರಾಯಿತು. ಇದು ತುತ್ತುತುತ್ತಿಗೂ ಹಲ್ಲಿಗೆ ಸಿಗುತ್ತದೆ. ಹೋಗಲಿ, ಘಮವಾದರೂ ಬಂತೇ ಅಂದರೆ ಅದೂ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಪುದೀನ, ಮಟನ್ ಇವುಗಳ ಗದ್ದಲದಲ್ಲಿ ಎಲ್ಲಿ ಹೋಯಿತೋ. "ಇವತ್ತ ಚಕ್ಕಿ, ಲವಂಗ ಹಾಕೋದು ಮರ್ತಿಯೇನ?" ಅಂತ ನಮ್ಮ ಮನೆಯವರು ಕೇಳಿದರು. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರ ಮುಂದೆ ಸಪ್ಪೆ ತಹರಿ ಇಟ್ಟರೆ ಕೇಳದೆ ಬಿಡುತ್ತಾರೆಯೇ?

ಹಾಗಾಗುವುದಕ್ಕೆ ಕಾರಣವಿದೆ. ನಮ್ಮ ಅಂಗಡಿಗಳಲ್ಲಿ ದಾಲ್ಚಿನ್ನಿ ಅಂತ ಸಿಗುವುದು ಬಹುತೇಕ ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯಿಂದ ಬರುವ ಬೇರೆಬೇರೆ ಮರಗಳ ದಪ್ಪ ತೊಗಟೆ. ಇದರ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಅನ್ನುವ ವಸ್ತುವಿನದೇ ಕಾರುಬಾರು, ಅದರಿಂದಲೇ ಆ ಘಾಟು, ನಾಲಿಗೆ ಚುರ್ ಅನ್ನುವ ಖಾರ. ವಿಯೆಟ್ನಾಮಿನದಂತೂ ಇನ್ನೂ ಜೋರು. ಸಿಲೋನ್ ಮರವೇ ಬೇರೆ. ಹೊರಗಿನ ಒರಟು ತೊಗಟೆ ಕೆರೆದು ತೆಗೆದು, ಒಳಗಿನ ತೆಳು ತೊಗಟೆಯನ್ನಷ್ಟೇ ಸುಲಿದು, ಒಂದರೊಳಗೊಂದು ಸೇರಿಸಿ ಒಣಗಿಸುತ್ತಾರೆ. ಅದರಲ್ಲಿ ಸಿನ್ನಮಾಲ್ಡಿಹೈಡ್ ಕಡಿಮೆ, ಲವಂಗಕ್ಕೆ ಆ ವಾಸನೆ ಕೊಡುವ ಯೂಜಿನಾಲ್ ಒಂದಿಷ್ಟು ಇರುತ್ತದೆ. ಮೆತ್ತಗಿನ ಘಮ. ಮಟನ್ ಎದುರು ಮೆತ್ತಗಿದ್ದರೆ ನಡೆಯುವುದಿಲ್ಲ.

ಸೂಪರ್ ಮಾರ್ಕೆಟ್ ಕಡೆಯ ನಮ್ಮ ಕಾಯಂ ಕಿರಾಣಿ ಅಂಗಡಿಯಲ್ಲಿ ಈ ಎರಡರ ಬಗ್ಗೆ ಕೇಳಿದ್ದೆ. "ಜಾತಿ ಗೀತಿ ಏನಿಲ್ರಿ ಅಕ್ಕಾರ, ಛಲೋ ಮಾಲು, ಸಾದಾ ಮಾಲು, ಅಷ್ಟೇ" ಅಂದರು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ ದಾಲ್ಚಿನ್ನಿಗೂ ಕ್ಯಾಸಿಯಾಕ್ಕೂ ಬೇರೆಬೇರೆ ಮಾನದಂಡಗಳಿವೆ, ಆದರೆ ಅಂಗಡಿಯ ಡಬ್ಬಿಗೆ ಆ ಸುದ್ದಿ ತಲುಪಿಲ್ಲ.

ಇಷ್ಟೆಲ್ಲ ಬೈದೂ ಯಾಕೆ ತರಿಸುತ್ತಿದ್ದೀರಿ ಅಂದರೆ, ನಮ್ಮ ಅತ್ತೆಯವರ ಸಲುವಾಗಿ. ಅವರಿಗೆ ಶುಗರ್ ಇದೆ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದನ್ನು ನಂಬಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ದಾಲ್ಚಿನ್ನಿ ಪುಡಿ ಬಿಸಿನೀರಿಗೆ ಕಲಸಿ ಕುಡಿಯುತ್ತಿದ್ದರು, ಅದೂ ಬಜಾರಿನ ಘಾಟು ಮಾಲು. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಒಂದು ವಸ್ತುವಿದೆ, ಹೆಚ್ಚು ಹೋದರೆ ಕೆಲವರ ಲಿವರ್‌ಗೆ ಪೆಟ್ಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿರುವ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಕ್ಯಾಸಿಯಾ ಪುಡಿ ದಿನಕ್ಕೆ 2 ಗ್ರಾಂ ದಾಟದಿರಲಿ ಎನ್ನುತ್ತದೆ ಜರ್ಮನಿಯ ಸರ್ಕಾರಿ ಸಂಸ್ಥೆ. ತುಂಬಿದ ಒಂದು ಟೀ ಚಮಚಕ್ಕೇ ಆ ಗೆರೆ ದಾಟುತ್ತದೆ. ನಮ್ಮ ಅತ್ತೆಯವರ ತೂಕ 60 ಮುಟ್ಟುವುದೂ ಇಲ್ಲ. ಸಿಲೋನ್‌ನಲ್ಲಿ ಕೂಮರಿನ್ ಇದೆಯೋ ಇಲ್ಲವೋ ಅನ್ನುವಷ್ಟು ಅತ್ಯಲ್ಪ. ಪಲಾವಿಗೆ ಒಂದು ತುಂಡು ಚಕ್ಕೆ ಹಾಕುವವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಇದು ದಿನಾ ಚಮಚಗಟ್ಟಲೆ ನುಂಗುವವರ ಮಾತು.

ಶುಗರ್ ಇಳಿಯುತ್ತದಾ? ಪೊಟ್ಟಣದ ಹಿಂದೆ ದೊಡ್ಡ ಅಕ್ಷರದಲ್ಲಿ ಹಾಗೆ ಬರೆದಿದ್ದಾರೆ, ನನಗೆ ಸಿಟ್ಟು ಬರುವುದೇ ಅದಕ್ಕೆ. 2003ರಲ್ಲಿ ಪಾಕಿಸ್ತಾನದಲ್ಲಿ 60 ಜನರ ಮೇಲೆ ಒಂದು ಪ್ರಯೋಗ ನಡೆದು, ಇಳಿಯುತ್ತದೆ ಅಂತ ಬಂತು. ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ. ತಮಾಷೆ ಅಂದರೆ ಅಲ್ಲಿ ಕೊಟ್ಟದ್ದು ಕ್ಯಾಸಿಯಾ, ಸಿಲೋನ್ ಅಲ್ಲ! ಮುಂದೆ 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಇಂಥ 10 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಶುಗರ್‌ಗೆ ಇದನ್ನು ತೆಗೆದುಕೊಳ್ಳಿ ಎನ್ನುವಷ್ಟು ಆಧಾರವಿಲ್ಲ ಎಂದರು. ಅತ್ತೆಯವರ ರಿಪೋರ್ಟಿನಲ್ಲೂ ನನಗೆ ಏನೂ ಫರಕು ಕಾಣಲಿಲ್ಲ. ಗುಳಿಗೆ ಬಿಡಿಸದೆ, ಪುಡಿಯನ್ನಷ್ಟೇ ಬಿಡಿಸಿದೆ. ಅದಕ್ಕೇ ಎಷ್ಟು ದಿನ ಮಾತು ಬಿಟ್ಟಿದ್ದರು ಅಂತ ಇಲ್ಲಿ ಬರೆಯುವುದಿಲ್ಲ.

ಪುಡಿಯ ಬದಲಿಗೆ ಶುರುವಾದದ್ದು ಚಹಾ. ಈ ಕಡ್ಡಿಯ ಮೇಲಿನ ನನ್ನ ಸಿಟ್ಟೆಲ್ಲ ಕರಗಿದ್ದು ಅಲ್ಲೇ.

ಮಧ್ಯಾಹ್ನ ನಾಲ್ಕಕ್ಕೆ, ಹೊರಗೆ ಬಿಸಿಲು ಇನ್ನೂ ಹಂಚು ಕಾದಂತೆ ಇರುವಾಗ, ಅತ್ತೆಯವರೇ ಡಬ್ಬಿ ತೆರೆಯುತ್ತಾರೆ. ಬಜಾರಿನ ಚಕ್ಕೆಯನ್ನು ಮುರಿಯಲು ಖಲಬತ್ತೇ ಬೇಕು, ಇದಕ್ಕೆ ಅವರ ಎರಡು ಬೆರಳು ಸಾಕು. ಪಾತ್ರೆಯ ಮೇಲೆ ಹಿಡಿದು ಹಿಸುಕಿದರೆ ಪದರುಗಳು ಚಿಟಿಚಿಟಿ ಅನ್ನುತ್ತ ಉದುರುತ್ತವೆ, ಬೆರಳಿನ ಘಮ ಸಂಜೆ ದೀಪ ಹಚ್ಚುವಾಗಲೂ ಹೋಗಿರುವುದಿಲ್ಲ. ತಣ್ಣೀರಿಗೇ ಹಾಕಬೇಕು, ನೀರು ಕಾದು ತಿಳಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಚಹಾಪುಡಿ, ಹಾಲು ಕಡೆಗೆ. ಶುಂಠಿ, ಯಾಲಕ್ಕಿ ಏನೂ ಬೇಡ, ಹಾಕಿದರೆ ಇದರ ರುಚಿ ಅಡಗುತ್ತದೆ. ಸಕ್ಕರೆ ಹಾಕದಿದ್ದರೂ ಬಾಯಿಗೆ ಸಣ್ಣ ಸಿಹಿ ಹತ್ತುತ್ತದೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಇಲ್ಲದೆ ಕಪ್ಪು ಮುಟ್ಟದಿದ್ದ ನಮ್ಮ ಮನೆಯವರು ಈಗ ಅರ್ಧಕ್ಕೆ ಬಂದಿದ್ದಾರೆ. ಯಾರೂ ಹೇಳಿರಲಿಲ್ಲ. ಪೊಟ್ಟಣದವರು ಬರೆಯಬೇಕಾಗಿದ್ದದ್ದು ಇದನ್ನು.

ಗೋಧಿ ಹುಗ್ಗಿಗೂ ಚೆನ್ನಾಗಿ ಹೊಂದುತ್ತದೆ, ಇಳಿಸುವ ಮುಂಚೆ ಒಂದು ಚಿಟಿಕೆ. ಬ್ಯಾಸಿಗೆಯಲ್ಲಿ ವರ್ಷದ ಮಸಾಲೆ ಖಾರ ಕುಟ್ಟಿಸುವಾಗ ಮಾತ್ರ ಇದರ ಹೆಸರೆತ್ತಲಿಲ್ಲ. ಮೆಣಸಿನಕಾಯಿಯ ಜೋಡಿ ನಿಲ್ಲಲು ದಪ್ಪ ಚಕ್ಕೆಯೇ ಆಗಬೇಕು.

ಇದೇ ಕಂಪನಿಯ ಪುಡಿಯನ್ನೂ ಒಮ್ಮೆ ತರಿಸಿದ್ದೆ. ಡಬ್ಬಿಯ ಮೇಲೆ ಸಿಲೋನ್, ಮೂಗಿಗೆ ಬಡಿದದ್ದು ಬಜಾರಿನ ಘಾಟು. ಮೆಡಿಕಲ್‌ನಿಂದ ಟಿಂಚರ್ ಅಯೋಡಿನ್ ತಂದು, ಪುಡಿ ಕುದಿಸಿದ ನೀರು ಆರಿದ ಮೇಲೆ ಎರಡು ಹನಿ ಬಿಟ್ಟೆ. ಕಡ್ಡಿಯನ್ನು ಮನೆಯಲ್ಲೇ ಪುಡಿ ಮಾಡಿ ಪಕ್ಕದ ಲೋಟದಲ್ಲಿ ಇಟ್ಟಿದ್ದೆ, ಅದರ ಬಣ್ಣ ಹೆಚ್ಚೇನೂ ಬದಲಾಗಲಿಲ್ಲ. ಡಬ್ಬಿಯ ಪುಡಿಯದು ಕಡುನೀಲಿ. ಕ್ಯಾಸಿಯಾದಲ್ಲಿ ಪಿಷ್ಟ ಹೆಚ್ಚಿರುವುದರಿಂದ ಹಾಗೆ ಆಗುತ್ತದೆ, ಹಿಟ್ಟು ಬೆರೆಸಿದ್ದರೂ ಆಗುತ್ತದೆ. ಎರಡರಲ್ಲಿ ಯಾವುದಾದರೂ ನನಗೆ ಬೇಡವಾಗಿತ್ತು. ಫೋಟೊ ಕಳಿಸಿದ್ದಕ್ಕೆ "ನೈಸರ್ಗಿಕ ವ್ಯತ್ಯಾಸ, ಸೀಲ್ ಒಡೆದ ಮೇಲೆ ವಾಪಸ್ ಇಲ್ಲ" ಎಂಬ ಉತ್ತರ ಬಂತು. ಸೀಲ್ ಒಡೆಯದೆ ವಾಸನೆ ನೋಡುವುದು ಹೇಗೆ ಅಂತ ಕೇಳಿದೆ, ಅದಕ್ಕೆ ಉತ್ತರವಿಲ್ಲ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳ ಸೇಬಿನ ಪ್ಯೂರಿಯಲ್ಲಿ ಸೀಸ ಸಿಕ್ಕು, ಅದು ಬಂದದ್ದು ದಾಲ್ಚಿನ್ನಿ ಪುಡಿಯಿಂದ ಅಂತ ಗೊತ್ತಾದ ಮೇಲಂತೂ ಯಾರ ಪುಡಿಯೂ ನಮ್ಮ ಮನೆಗೆ ಬರುವುದಿಲ್ಲ. ಕಡ್ಡಿಯಾದರೆ ಕಣ್ಣಿಗೆ ಕಾಣುತ್ತದೆ: ಬೀಡಿಯಂತೆ ಒಳಗೆ ಪದರು ಪದರಾಗಿದ್ದರೆ ಸಿಲೋನ್, ಒಂದೇ ದಪ್ಪ ಸುರುಳಿಯಾಗಿದ್ದರೆ ಕ್ಯಾಸಿಯಾ.

ಬೆಲೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ, ಬಜಾರಿನ ಚಕ್ಕೆಯ ಐದು ಪಟ್ಟು. ಎಲ್ಲಕ್ಕೂ ಇದನ್ನೇ ಬಳಸುವುದು ನಮ್ಮಂಥವರ ಬಜೆಟ್ಟಿಗೆ ಆಗದ ಮಾತು. ಹಾಗಾಗಿ ಮನೆಯಲ್ಲಿ ಎರಡು ಡಬ್ಬಿ: ದಪ್ಪದ್ದು ಮಸಾಲೆಯ ಸಾಲಿನಲ್ಲಿ, ತೆಳ್ಳಗಿನದು ಚಹಾಪುಡಿಯ ಪಕ್ಕ. ಒಲೆಯಿಂದ ದೂರವಿಟ್ಟ ಗಾಜಿನ ಬಾಟಲಿಯಲ್ಲಿ ನಮ್ಮ ಈ ಬಿಸಿಲಿಗೂ ಘಮ ಕೆಟ್ಟಿಲ್ಲ.

ಕಡ್ಡಿಗೆ ನಾಲ್ಕು ಸ್ಟಾರ್. ಪುಡಿಗೆ ಒಂದು, ಸೊನ್ನೆ ಒತ್ತಲು ಬರುವುದಿಲ್ಲವಾದ್ದರಿಂದ. ತರಿಸುವವರು ಚಿಕ್ಕ ಪೊಟ್ಟಣವನ್ನೇ ತರಿಸಿ, ದೊಡ್ಡದರ ತಳದಲ್ಲಿ ಮುರಿದ ಚೂರೇ ಜಾಸ್ತಿ ಬರುತ್ತದೆ. ಬಂದರೂ ಚೆಲ್ಲಬೇಡಿ, ಚಹಾಕ್ಕೆ ಆಗುತ್ತದೆ, ಜಾಳಿಗೆ ಮಾತ್ರ ಸಣ್ಣ ಕಣ್ಣಿನದಿರಲಿ.