ಎರಡು ವರ್ಷ ಬಳಸಿದ ಮೇಲೆ: ಫ್ಯಾಕ್ಟರಿ ಬಾಯ್

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಮಾಡಿದ ನಮ್ಮ ಪ್ರಾಜೆಕ್ಟಿನ ಟೆಸ್ಟ್ ಡೇಟಾ ಎಲ್ಲಾ ಮೊದಲು ಒಂದೇ ಜೇಸನ್ (ಡೇಟಾ ಬರೆದಿಡುವ ಒಂದು ಪಠ್ಯ ರೂಪ) ಫೈಲಿನಲ್ಲಿತ್ತು. 1,800 ಸಾಲು. ನನ್ನ ಟೆಸ್ಟಿಗೆ ಬೇಕು ಅಂತ ಒಂದು ದಿನ ಅದಕ್ಕೆ ಕ್ಯಾನ್ಸಲ್ ಆದ ಆರ್ಡರ್ ಒಂದನ್ನು ಸೇರಿಸಿದೆ. ಸಂಬಂಧವೇ ಇಲ್ಲದ 19 ಟೆಸ್ಟುಗಳು ಫೇಲ್ ಆದವು. ಒಂದು ಕಡೆ ‘ಒಟ್ಟು ಆರ್ಡರ್ 3’ ಅಂತ ಬರೆದಿತ್ತು, ಇನ್ನೊಂದು ಕಡೆ ‘ಐಡಿ 7ರ ಗ್ರಾಹಕ’ ಅಂತ. ಈ ಐಡಿ 7 ಯಾರು? ಟೆಸ್ಟನ್ನು ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ, ಜೇಸನ್ ತೆರೆದು ಹುಡುಕಬೇಕು.

ಆ ವಾರವೇ ಫ್ಯಾಕ್ಟರಿ ಬಾಯ್ ಹಾಕಿಕೊಂಡೆವು. ರೂಬಿಯಲ್ಲಿರುವ ಫ್ಯಾಕ್ಟರಿ ಬಾಟ್ ಮಾದರಿಯಲ್ಲೇ, ಟೆಸ್ಟ್ ಡೇಟಾ ತಯಾರಿಸಿಕೊಡಲು ಪೈಥಾನಿಗೆ ಮಾಡಿದ ಲೈಬ್ರರಿ ಇದು. ಪ್ರತಿ ಮಾಡೆಲ್‌ಗೂ (ಡೇಟಾಬೇಸಿನ ಟೇಬಲ್‌ಗೆ ಹೊಂದುವ ಕ್ಲಾಸ್) ಒಂದು ಫ್ಯಾಕ್ಟರಿ ಕ್ಲಾಸ್ ಬರೆದು, ಮಾಮೂಲಿ ವ್ಯಾಲ್ಯೂಗಳನ್ನು ಅಲ್ಲಿಟ್ಟರೆ ಆಯಿತು. ಟೆಸ್ಟಿನಲ್ಲಿ ಮುಖ್ಯವಾದದ್ದನ್ನು ಮಾತ್ರ ಹೇಳಬೇಕು. ನನ್ನ ಆ ಟೆಸ್ಟ್ ಈಗ ಆರ್ಡರ್ ಫ್ಯಾಕ್ಟರಿಯನ್ನು ಕರೆದು, ಸ್ಟೇಟಸ್ ಕ್ಯಾನ್ಸಲ್ಡ್ ಅಂತ ಕೊಡುವ ಒಂದೇ ಸಾಲಿನಿಂದ ಶುರುವಾಗುತ್ತದೆ. ನಿನ್ನೆ ಮೊನ್ನೆ ಟೀಮಿಗೆ ಬಂದವರೂ ಓದಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತಾರೆ. ನನಗೆ ಇದು ಇಷ್ಟವಾಗಿದ್ದೇ ಅದಕ್ಕೆ. ಒಂದೇ ಇಮೇಲ್ ಎರಡು ಸಲ ಬರಬಾರದು ಅಂದರೆ ಪ್ರತಿ ಸಲ ಮುಂದಿನ ಸಂಖ್ಯೆ ಕೊಡುವ ಸೀಕ್ವೆನ್ಸ್ ಇದೆ, ಅದರ ಬಗ್ಗೆ ಮತ್ತೆ ಯೋಚಿಸಿಲ್ಲ.

ಹುಷಾರಾಗಿರಬೇಕಾದದ್ದು ಸಬ್‌ಫ್ಯಾಕ್ಟರಿ, ಅಂದರೆ ಒಂದು ಫ್ಯಾಕ್ಟರಿ ಇನ್ನೊಂದನ್ನು ಕರೆಯುವ ವಿಷಯದಲ್ಲಿ. ಬಿಲ್ಲಿನ ಒಂದು ಸಾಲು ಕೇಳಿದರೆ ಸಾಕು, ಅದರ ಹಿಂದೆ ಬಿಲ್, ಆರ್ಡರ್, ಗ್ರಾಹಕ, ವಿಳಾಸ ಎಲ್ಲವೂ ಡೇಟಾಬೇಸಿಗೆ ಹೋಗಿ ಕೂರುತ್ತವೆ. ನಾವು ಸುಮ್ನೆ ಎಲ್ಲಾ ಕಡೆ, ಡೇಟಾಬೇಸಿನಲ್ಲಿ ಉಳಿಸುವ ಕ್ರಿಯೇಟ್ ಬಳಸಿದ್ದೆವು, ಟೆಸ್ಟುಗಳು ತೆವಳತೊಡಗಿದವು. ತೆರಿಗೆ ಲೆಕ್ಕ ಪರೀಕ್ಷಿಸಲು ಡೇಟಾಬೇಸ್ ಯಾಕೆ ಬೇಕು, ಅಲ್ವಾ? ಅಂಥ ಕಡೆ ಬಿಲ್ಡ್ ಸಾಕು, ಅದು ಮೆಮೊರಿಯಲ್ಲೇ ಆಬ್ಜೆಕ್ಟ್ ಮಾಡಿಕೊಡುತ್ತದೆ. ಒಂದೊಂದೇ ಬದಲಿಸುತ್ತಾ ಬಂದೆವು, ವೇಗ ವಾಪಸ್ ಬಂತು.

ಇನ್ನೊಂದು, ಸುಳ್ಳು ಹೆಸರು, ವಿಳಾಸ ಹುಟ್ಟಿಸಿಕೊಡುವ ಫೇಕರ್. ಹೆಸರಿನ ಕಾಲಂಗೆ ನಾವು 20 ಅಕ್ಷರದ ಮಿತಿ ಇಟ್ಟಿದ್ದೆವು. ಫೇಕರ್ ಅಪರೂಪಕ್ಕೆ ಅದಕ್ಕಿಂತ ಉದ್ದದ ಹೆಸರು ಕೊಡುತ್ತಿತ್ತು. ನನ್ನ ಲ್ಯಾಪ್‌ಟಾಪಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಉದ್ದ ನೋಡುವುದಿಲ್ಲ, ಕೋಡ್ ಸೇರಿಸಿದಾಗಲೆಲ್ಲಾ ಟೆಸ್ಟ್ ಓಡಿಸುವ ಸಿಐ ಸರ್ವರಿನಲ್ಲಿದ್ದ ಪೋಸ್ಟ್‌ಗ್ರೆಸ್ ನೋಡುತ್ತದೆ. ನನ್ನಲ್ಲಿ ಪಾಸ್, ಅಲ್ಲಿ ಯಾವಾಗಲೋ ಒಮ್ಮೆ ಫೇಲ್. ಎರಡು ದಿನ ಹುಡುಕಿದೆ. ಈಗ ರ‍್ಯಾಂಡಮ್ ಸೀಡ್ ಕಾನ್‌ಫ್‌ಟೆಸ್ಟ್ ಫೈಲಿನಲ್ಲೇ (ಟೆಸ್ಟುಗಳ ಸೆಟ್ಟಿಂಗ್ ಫೈಲ್) ಫಿಕ್ಸ್ ಮಾಡಿದ್ದೇವೆ, ಹಾಗಾಗಿ ಫೇಕರ್ ಪ್ರತಿ ಸಲ ಅದೇ ಹೆಸರುಗಳನ್ನು ಕೊಡುತ್ತದೆ, ಲ್ಯಾಪ್‌ಟಾಪಿನಲ್ಲೂ ಪೋಸ್ಟ್‌ಗ್ರೆಸ್ಸೇ ಇದೆ.

ಹಳೆಯ ಜೇಸನ್ ಪೂರ್ತಿ ಹೋಗಿಲ್ಲ. ದೇಶಗಳ ಪಟ್ಟಿ, ಕರೆನ್ಸಿ ಕೋಡ್ ಇನ್ನೂ ಅದರಲ್ಲೇ ಇವೆ. ಯಾವ ಟೆಸ್ಟಿಗಾಗಿಯೂ ಅವನ್ನು ಯಾರೂ ಬದಲಿಸುವುದಿಲ್ಲ. ಅದಕ್ಕೆ ಫ್ಯಾಕ್ಟರಿ ಬರೆಯುವ ಯೋಚನೆಯೂ ನನಗಿಲ್ಲ.