ಎರಡು ಗ್ರಾಫಿಕ್ಸ್ ಕಾರ್ಡ್, ಒಂದೇ ಕೇಸ್: ಫ್ರಾಕ್ಟಲ್ ಟಾರೆಂಟ್ ಜೊತೆ ಎರಡೂವರೆ ವರ್ಷ

ನನ್ನ ಕಂಪ್ಯೂಟರ್‌ನ ಹಳೆಯ ಕೇಸ್, ಅಂದರೆ ಹೊರಗಿನ ಪೆಟ್ಟಿಗೆ, ಅದರ ಮುಂಭಾಗ ಪೂರ್ತಿ ಗಾಜು. ನೋಡೋಕೆ ತುಂಬಾ ಚೆಂದ. ಆದರೆ ಗಾಳಿ ಒಳಗೆ ಬರೋಕೆ ಇದ್ದದ್ದು ಅಂಚಿನಲ್ಲಿ ಒಂದು ಬೆರಳಷ್ಟು ಸಂದಿ ಮಾತ್ರ. ಒಳಗೆ ಎರಡು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್. ಒಂದೊಂದೂ 350 ವ್ಯಾಟ್, ಎರಡೂ ಸೇರಿ 700. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್‌ಗೆ (ದೃಶ್ಯದಿಂದ ಅಂತಿಮ ಚಿತ್ರ ತಯಾರಿಸೋ ಕೆಲಸಕ್ಕೆ) ಹಾಕಿದರೆ ಕೆಳಗಿನ ಕಾರ್ಡ್ 70 ಡಿಗ್ರಿಯಲ್ಲಿ ಆರಾಮಾಗಿ ಇರುತ್ತಿತ್ತು. ಮೇಲಿನದು ಮಾತ್ರ 84ಕ್ಕೆ ಹೋಗಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು.

ಒಂದು ರಾತ್ರಿ ಬೇಸತ್ತು ಪಕ್ಕದ ಪ್ಯಾನೆಲ್ ತೆಗೆದಿಟ್ಟೆ. ಹತ್ತೇ ನಿಮಿಷದಲ್ಲಿ ಮೇಲಿನ ಕಾರ್ಡ್ 9 ಡಿಗ್ರಿ ಇಳಿಯಿತು. ತಪ್ಪು ಕಾರ್ಡ್‌ನದ್ದಲ್ಲ, ಕೇಸ್‌ನದ್ದು ಅಂತ ಗೊತ್ತಾಗಿದ್ದು ಆಗಲೇ. ಹೊಸ ಕೇಸ್ ಬಗ್ಗೆ ಯೋಚಿಸುವ ಮುಂಚೆ ನೀವೂ ಇದನ್ನು ಮಾಡಿ ನೋಡಿ. ಪ್ಯಾನೆಲ್ ತೆಗೆದರೂ ಒಂದೆರಡು ಡಿಗ್ರಿ ಮಾತ್ರ ಇಳಿದರೆ ಸುಮ್ನೆ ದುಡ್ಡು ಹಾಕಬೇಡಿ.

ಮೇಲಿನ ಕಾರ್ಡೇ ಯಾಕೆ ಬಿಸಿಯಾಗುತ್ತೆ? ಈಗಿನ ಮೂರು ಫ್ಯಾನ್‌ಗಳ ಕಾರ್ಡ್‌ಗಳು ಬಿಸಿ ಗಾಳಿಯನ್ನು ಕೇಸ್‌ನ ಒಳಗೇ ಬಿಡುತ್ತವೆ. ಕೆಳಗಿನ ಕಾರ್ಡ್ ಬಿಟ್ಟ ಆ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತೆ. ಆದ್ದರಿಂದ ಫ್ಯಾನ್ ಎಷ್ಟಿದೆ ಅನ್ನೋದಕ್ಕಿಂತ ಎರಡು ಕಾರ್ಡ್‌ಗಳ ಮಧ್ಯಕ್ಕೆ ತಣ್ಣನೆ ಗಾಳಿ ತಲುಪುತ್ತಾ ಅನ್ನೋದು ಮುಖ್ಯ.

ಫ್ರಾಕ್ಟಲ್ ಕಂಪನಿಯ ಟಾರೆಂಟ್ ಕೇಸ್ ಆರಿಸಿಕೊಂಡದ್ದು ಇದೇ ಕಾರಣಕ್ಕೆ. 2021ರಲ್ಲಿ ಬಂದ ಕೇಸ್ ಇದು. ಮುಂದೆ 180 ಮಿ.ಮೀ.ನ ಎರಡು ದೊಡ್ಡ ಫ್ಯಾನ್, ತಳದಲ್ಲಿ 140ರ ಮೂರು. ಪವರ್ ಸಪ್ಲೈ ಮೇಲ್ಗಡೆ ಕೂರುವುದರಿಂದ ತಳ ಪೂರ್ತಿ ಖಾಲಿ. ಕೆಳಗಿನ ಕಾರ್ಡ್‌ಗೆ ತಳದ ಫ್ಯಾನ್‌ಗಳಿಂದ ನೇರವಾಗಿ ಗಾಳಿ ಸಿಗುತ್ತೆ, ಮಧ್ಯದ ಸಂದಿಗೆ ಮುಂದಿನಿಂದ ನುಗ್ಗುತ್ತೆ. ಐದೂ ಫ್ಯಾನ್ ಒಳಗೆ ಎಳೆಯುವಂಥವೇ. ಹಿಂದೆ ನಾನು ಒಂದನ್ನೂ ಹಾಕಿಲ್ಲ. ರೆಂಡರ್ ನಡೆಯುವಾಗ ಹಿಂದಿನ ತೂತುಗಳ ಹತ್ತಿರ ಟಿಶ್ಯೂ ಪೇಪರ್‌ನ ಪಟ್ಟಿ ಹಿಡಿದೆ. ಅದು ಹೊರಕ್ಕೆ ಪಟಪಟ ಹಾರಿತು! ಒತ್ತಡಕ್ಕೇ ಬಿಸಿ ಗಾಳಿ ಆಚೆ ಹೋಗುತ್ತಿದೆ.

ಅದೇ ಕಾರ್ಡ್‌ಗಳು, ಅದೇ ಕೆಲಸ. ಈಗ ಕೆಳಗಿನದು 66, ಮೇಲಿನದು 75. ಸದ್ದೂ ಕಡಿಮೆ, ಯಾಕಂದರೆ ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತೆ. ಆಮೇಲೆ ಪ್ರತಿ ಕಾರ್ಡ್‌ನ ಪವರ್ ಲಿಮಿಟ್ (ಅದು ಬಳಸಬಹುದಾದ ಗರಿಷ್ಠ ವಿದ್ಯುತ್) ಅನ್ನು 350ರಿಂದ 280 ವ್ಯಾಟ್‌ಗೆ ಇಳಿಸಿದೆ. ರೆಂಡರ್ ಸಮಯ ಸ್ವಲ್ಪವೇ ಜಾಸ್ತಿಯಾಯಿತು, ಮೇಲಿನ ಕಾರ್ಡ್ 70ರ ಒಳಗೆ ಬಂತು. ಯಾವ ಕೇಸ್ ಇದ್ದರೂ ಇದನ್ನು ಮಾಡಿ, ಖರ್ಚಿಲ್ಲ ಅಲ್ವಾ.

ಎರಡು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುತ್ತೇನೆ. ತಳದ್ದರಲ್ಲಿ ಧೂಳು ಬೂದುಬಣ್ಣದ ಬಟ್ಟೆಯ ಹಾಗೆ ಅಂಟಿರುತ್ತೆ. ಒಮ್ಮೆ ನಾಲ್ಕು ತಿಂಗಳು ಮರೆತಿದ್ದೆ, ಕೆಳಗಿನ ಕಾರ್ಡ್ 5 ಡಿಗ್ರಿ ಏರಿತ್ತು. ಕೇಸ್ ಅನ್ನು ದಪ್ಪ ಕಾರ್ಪೆಟ್ ಮೇಲೆ ಮಾತ್ರ ಇಡಬೇಡಿ, ತಳಕ್ಕೆ ಉಸಿರು ಕಟ್ಟುತ್ತೆ. ಎರಡು ಕಾರ್ಡ್ ಹಾಕಿದ ಮೇಲೆ ಇದನ್ನು ಒಬ್ಬರೇ ಎತ್ತೋದು ಕಷ್ಟ, ಜಾಗವೂ ಜಾಸ್ತಿ ಬೇಕು.

ಕೊಳ್ಳುವ ಮುಂಚೆ ಮದರ್‌ಬೋರ್ಡ್ ನೋಡಿಕೊಳ್ಳಿ. ಟಾರೆಂಟ್‌ನ ಹಿಂಭಾಗದಲ್ಲಿ ಕಾರ್ಡ್ ಕೂರಿಸೋಕೆ ಇರೋದು 7 ಸ್ಲಾಟ್. ಗ್ರಾಫಿಕ್ಸ್ ಕಾರ್ಡ್ ಹಾಕುವ ಉದ್ದ ಸ್ಲಾಟ್‌ಗಳು ನನ್ನ ಬೋರ್ಡ್‌ನಲ್ಲಿ ಮೇಲಿನಿಂದ ಎಣಿಸಿದರೆ 1 ಮತ್ತು 5ರಲ್ಲಿವೆ. ಮೂರು ಸ್ಲಾಟ್ ದಪ್ಪದ ಎರಡು ಕಾರ್ಡ್ ಕೂತ ಮೇಲೆ ಮಧ್ಯೆ ಒಂದು ಸ್ಲಾಟ್, ಅಂದರೆ 2 ಸೆಂ.ಮೀ. ಉಳಿಯುತ್ತೆ. ಆ 2 ಸೆಂ.ಮೀ. ಇಲ್ಲದಿದ್ದರೆ ಮೇಲಿನ ಕಾರ್ಡ್‌ನ ಫ್ಯಾನ್‌ಗಳು ಕೆಳಗಿನದರ ಬೆನ್ನಿಗೆ ಅಂಟಿಕೊಂಡೇ ತಿರುಗಬೇಕು. ನಿಮ್ಮ ಬೋರ್ಡ್‌ನ ಎರಡನೇ ಉದ್ದ ಸ್ಲಾಟ್ ತೀರಾ ಕೆಳಗೆ, 7ರಲ್ಲಿ ಇದ್ದರೆ ದಪ್ಪ ಕಾರ್ಡ್ ಇದರಲ್ಲಿ ಕೂರುವುದಿಲ್ಲ. ಅಂಥವರು ಮೂರು ಸ್ಲಾಟ್ ದಪ್ಪದ ಕಾರ್ಡ್‌ಗೆ 9 ಸ್ಲಾಟ್ ಇರುವ ಕೇಸ್ ಹುಡುಕಿ.